ಪರದೆಯ ಮೇಲಿನ ನಾಲ್ಕು ಗಂಟೆ

ಕಂಪ್ಯೂಟರಿನ ಪರದೆಯ ಮೇಲೆ ಶಾರ್ಟ್‌ಕಟ್ ಮಾಡಿಟ್ಟರೆ ಅದರ ಚಿತ್ರದ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಡೊಂಕು ಬಾಣ ಇರುತ್ತದೆ. ಇವತ್ತಿಗೂ ನಾನು ಯಾವುದನ್ನೇ ಒತ್ತುವ ಮೊದಲು ಆ ಬಾಣ ಇದೆಯೋ ಇಲ್ಲವೋ ನೋಡುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವರು ನಗುತ್ತಾರೆ. ನಗಲಿ. ಅವರಲ್ಲಿ ಯಾರೂ ತಮ್ಮ ಅತ್ತೆಯನ್ನು ಕಾಲುವೆಯ ನಡುವೆ, ಏರುತ್ತಿರುವ ನೀರಿನಲ್ಲಿ ನೋಡಿದವರಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಬೈಲಹೊಂಗಲದಲ್ಲಿ ಬಿ.ಕಾಂ. ಮುಗಿಸಿ, ದಿನಾ ಬಸ್ಸು ಹತ್ತಿ ಕಿತ್ತೂರಿಗೆ ಹೋಗಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಮೊದಲು ಸಿಕ್ಕ ಕೆಲಸ ಒಬ್ಬ ಗುತ್ತಿಗೆದಾರರ ಸೈಟ್ ಆಫೀಸಿನದು. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯ ಒಂದು ಸಣ್ಣ ಊರಿನ ಪಕ್ಕದಲ್ಲಿ ಅವರು ಒಂದು ಉಪಕಾಲುವೆಗೆ ಹೊಸ ಸಿಮೆಂಟು ಹಾಕಿಸುತ್ತಿದ್ದರು. ಆ ಊರಿನಲ್ಲೇ ನನ್ನ ತಂದೆಯ ಅಕ್ಕ, ನಮ್ಮ ಅತ್ತೆ, ಇದ್ದಳು. ಕೆಲಸಕ್ಕೆ ಕಳಿಸಲು ಅಪ್ಪ ಒಪ್ಪಿದ್ದು ನನ್ನ ಕಂಪ್ಯೂಟರ್ ಸರ್ಟಿಫಿಕೇಟು ನೋಡಿ ಅಲ್ಲ, ಅತ್ತೆಯ ಮನೆಯ ಜೋಳದ ರೊಟ್ಟಿ ನಂಬಿ.

ಆಫೀಸು ಎಂದರೆ ಊರ ಹೊರಗೆ ಬಾಡಿಗೆಗೆ ಹಿಡಿದ ಎರಡು ಖೋಲಿ. ಮುಂದಿನ ಖೋಲಿಯಲ್ಲಿ ಸಿಮೆಂಟಿನ ಚೀಲ, ಹಿಂದಿನದರಲ್ಲಿ ಕಂಪ್ಯೂಟರು, ಅದರ ಮೇಲೆ ಹೂವಿನ ಕಸೂತಿಯ ಹೊದಿಕೆ. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ನಾವು ಇಬ್ಬರೇ. ನಾನು, ಮತ್ತು ಸೈಟಿನ ಸೂಪರ್‌ವೈಸರ್. ಅವರು ಚಚಡಿಯ ಕಡೆಯವರು, ಐವತ್ತು ದಾಟಿದ ದೊಡ್ಡ ದೇಹದ ಮನುಷ್ಯ. ಕಾಂಕ್ರೀಟನ್ನು ಹೆಬ್ಬೆರಳಿನಿಂದ ಒತ್ತಿ ಅದು ಎಷ್ಟು ದಿನದ್ದು ಎಂದು ಹೇಳುತ್ತಿದ್ದರು. ಆದರೆ ಬೆಳಗಾವಿಯ ಹೆಡ್ ಆಫೀಸಿನವರು ಎಲ್ಲ ಸೂಚನೆ ಇಮೇಲಿನಲ್ಲಿ ಕಳಿಸಲು ಶುರು ಮಾಡಿದ ದಿನದಿಂದ ಅವರಿಗೆ ನಿದ್ದೆ ಕೆಟ್ಟಿತ್ತು.

"ತಂಗಿ, ಈ ಇಮೇಲ್ ಪ್ರೋಗ್ರಾಂ ನಮ್ಮೂರ ವಾಡೇದಂಗ ಐತಿ ನೋಡು," ಎನ್ನುತ್ತಿದ್ದರು. "ಒಂದ ಖೋಲಿ ಹೊಕ್ಕರ ಇನ್ನೊಂದ ಖೋಲಿ. ಅಲ್ಲಿಂದ ಮತ್ತೊಂದ. ಹೊರಗ ಬರೂ ದಾರಿ ತಪ್ಪತೈತಿ. ನನಗ ಬೇಕಾದದ್ದು ಅಂಗಳದಾಗ ಇಡು. ಬಾಗಲಾ ತೆಗದ ಕೂಡ್ಲೆ ಕಾಣಬೇಕು."

ಅವರು ಅಂಗಳ ಎನ್ನುತ್ತಿದ್ದದ್ದು ಕಂಪ್ಯೂಟರ್ ಚಾಲೂ ಆದ ಕೂಡಲೇ ಕಾಣುವ ಮೊದಲ ಪರದೆಗೆ, ಡೆಸ್ಕ್‌ಟಾಪಿಗೆ. ಕಿತ್ತೂರಿನ ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ನಾನೇ ಒಂದು ಮಧ್ಯಾಹ್ನ ಕುಳಿತು ಕಂಡುಹಿಡಿದೆ. ಇಮೇಲ್ ಪ್ರೋಗ್ರಾಮಿನ ಕಿಟಕಿಯನ್ನು ಸಣ್ಣದು ಮಾಡಿ ಪಕ್ಕಕ್ಕೆ ಸರಿಸಬೇಕು, ಹಿಂದಿನ ಪರದೆ ಸ್ವಲ್ಪ ಕಾಣುವ ಹಾಗೆ. ಆಮೇಲೆ ಎಡಗಡೆಯ ಪಟ್ಟಿಯಿಂದ ಬಂದ ಪತ್ರಗಳ ಫೋಲ್ಡರನ್ನು ಮೌಸಿನಿಂದ ಹಿಡಿದು ಎಳೆದು ಹೊರಗೆ ಬಿಡಬೇಕು. ಬಿಟ್ಟ ಜಾಗದಲ್ಲಿ ಒಂದು ಪುಟ್ಟ ಲಕೋಟೆಯ ಚಿತ್ರ ಕುಳಿತುಕೊಂಡಿತು, ಮೂಲೆಯಲ್ಲಿ ಡೊಂಕು ಬಾಣದೊಂದಿಗೆ. ಎರಡು ಸಲ ಒತ್ತಿದರೆ ಸೀದಾ ಫೋಲ್ಡರಿನೊಳಗೆ!

ಸೂಪರ್‌ವೈಸರ್ ಮಗುವಿನ ಹಾಗೆ ಹಿಗ್ಗಿದರು. "ಭಲೇ! ಹಂಗಾರ ಫೋನ್ ನಂಬರಿನ ಪಟ್ಟಿನೂ ತಾ ಹೊರಗ."

ತಂದುಕೊಟ್ಟೆ. ಕ್ಯಾಲೆಂಡರೂ ಬಂತು. ವಾರದೊಳಗೆ ನಮ್ಮ ಪರದೆಯ ಮೇಲೆ ಹನ್ನೆರಡು ಚಿತ್ರ ಸಾಲಾಗಿ ನಿಂತವು. ಅವರು ಮುಂಜಾನೆ ಬಂದು, ಕೈ ಒರೆಸಿಕೊಂಡು, ಒಂದೊಂದನ್ನೇ ತೆಗೆದು ನೋಡಿ ಮುಚ್ಚುತ್ತಿದ್ದರು. ನನ್ನ ಬಗ್ಗೆ ಬೆಳಗಾವಿಗೆ ಫೋನು ಮಾಡಿ ಹೇಳಿದರಂತೆ: "ಹುಡುಗಿ ಬಾಳ ಶ್ಯಾಣ್ಯಾಕಿ ಅದಾಳ್ರಿ." ಆ ಮಾತಿನ ಗುಂಗಿನಲ್ಲೇ ನಾನು ತಪ್ಪು ಮಾಡಿದೆ ಎಂದು ಈಗ ಅನಿಸುತ್ತದೆ.

ಮಾನವಮಿ, ಎಂದರೆ ದಸರೆ, ಹತ್ತಿರ ಬಂದಾಗ ಕಾಲುವೆಯ ಕೆಲಸ ಮುಗಿಯಿತು. ಹೊಸ ಸಿಮೆಂಟು ಎಲ್ಲಾದರೂ ಸೋರುತ್ತದೆಯೇ ಎಂದು ತಿಳಿಯಲು ಒಂದು ದಿನ ಟ್ರಯಲ್ ನೀರು ಬಿಡಬೇಕಿತ್ತು. ಬೆಳಗಾವಿಯ ಇಂಜಿನಿಯರ್ ದಿನ ಗೊತ್ತು ಮಾಡಿ, ಇಮೇಲ್ ಪ್ರೋಗ್ರಾಮಿನ ಕ್ಯಾಲೆಂಡರಿಗೇ ಸೂಚನೆ ಕಳಿಸಿದರು: ಟ್ರಯಲ್ ನೀರು, ಗುರುವಾರ, ಸಂಜೆ ನಾಲ್ಕು ಗಂಟೆ.

"ಇದನ್ನ ಮೊದಲ ಅಂಗಳಕ್ಕ ತಾ," ಎಂದರು ಸೂಪರ್‌ವೈಸರ್.

ನಾನು ಕ್ಯಾಲೆಂಡರಿನ ಆ ಒಂದು ಸಾಲನ್ನು ಹಿಡಿದು ಎಳೆದು ಪರದೆಯ ನಡುಮಧ್ಯ ಬಿಟ್ಟೆ. ಚಿತ್ರ ಬಂತು. ಮೂಲೆಯಲ್ಲಿ ಬಾಣ ಇರಲಿಲ್ಲ. ಅದನ್ನು ನಾನು ಗಮನಿಸಿದೆ. ಇಷ್ಟು ವರ್ಷವಾದರೂ ನನ್ನನ್ನು ಕಾಡುವುದು ಅದೇ. ಗಮನಿಸಿ, "ಇದು ಇನ್ನೂ ಚೊಕ್ಕಾಗಿ ಬಂತು" ಅಂದುಕೊಂಡೆ. ಫೋಲ್ಡರನ್ನು ಎಳೆದರೆ ಅದು ಒಳಗೆ ಹೋಗುವ ಬಾಗಿಲು. ಒಳಗಿನ ಒಂದೇ ಸಾಲನ್ನು ಎಳೆದರೆ ಅದು ಬಾಗಿಲಲ್ಲ, ಬರೀ ನಕಲು. ಎಳೆದ ಹೊತ್ತಿನಲ್ಲಿ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ಒಳಗೆ ಏನು ಬದಲಾದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ.

ನೀರು ಬಿಡುವ ಸುದ್ದಿಯನ್ನು ಊರಿಗೆ ಮುಟ್ಟಿಸಬೇಕಲ್ಲ. ಅದಕ್ಕೆ ಡಂಗುರ. ಊರಲ್ಲಿ ಚರ್ಮದ ಹಲಗೆ ಬಡಿದು ಸುದ್ದಿ ಸಾರುವವನು ಒಬ್ಬ ಮುದುಕ, ಸಣಕಲು ಕಾಲು, ಗುಡುಗಿನ ದನಿ. ಬಾಯಿಮಾತಿಗೆ ಅವನು ಹಲಗೆ ಮುಟ್ಟುತ್ತಿರಲಿಲ್ಲ.

"ಕಾಗದ ಕೊಡ್ರಿ ಬಾಯಾರ. ನನಗ ಓದಾಕ ಬರೂದಿಲ್ಲ ಖರೆ. ಆದರ ಕಾಗದ ಕಿಸೇದಾಗ ಇದ್ದರ ಧ್ವನಿ ಏಳತೈತಿ."

ಬುಧವಾರ ಮುಂಜಾನೆ ನಾನು ಪರದೆಯ ನಡುವಿನ ಆ ಚಿತ್ರವನ್ನು ತೆಗೆದು ಪ್ರಿಂಟ್ ಹೊಡೆದು ಕೊಟ್ಟೆ. ಅವನು ಅದನ್ನು ಮಡಚಿ ಅಂಗಿಯ ಕಿಸೆಗೆ ಹಾಕಿ ಹೋದ. ಮಧ್ಯಾಹ್ನದ ಹೊತ್ತಿಗೆ ಓಣಿ ಓಣಿಯಲ್ಲೂ ಕೇಳಿತು: "ಕೇಳ್ರಪ್ಪೋ ಕೇಳ್ರಿ! ನಾಳೆ ಸಂಜೀ ನಾಕ ಗಂಟೇಕ್ಕ ಕಾಲುವೀಗೆ ನೀರ ಬರತೈತಿ! ದನಾ ಕರಾ ಇಳಿಸಬ್ಯಾಡ್ರಿ!"

ಅದೇ ಬುಧವಾರ ಸಂಜೆ, ಆಫೀಸು ಮುಚ್ಚುವ ಮೊದಲು ಫೋನ್ ಲೈನು ಕಿರಗುಟ್ಟಿಸಿ ಇಂಟರ್‌ನೆಟ್ ಹಚ್ಚಿದಾಗ, ಬೆಳಗಾವಿಯಿಂದ ಇನ್ನೊಂದು ಪತ್ರ ಬಂದಿತ್ತು. ಅದೇ ತಲೆಬರಹ: ಟ್ರಯಲ್ ನೀರು. ನಾನು ಅದನ್ನು ತೆಗೆಯಲು ಹೊರಟೆ.

"ಅದ ಮೊನ್ನೀದ ಮತ್ತ ಕಳಿಸ್ಯಾರ ಬಿಡು," ಎಂದರು ಸೂಪರ್‌ವೈಸರ್, ಛತ್ರಿ ಹುಡುಕುತ್ತ. "ನಮ್ಮದು ಅಂಗಳದಾಗ ಐತೆಲ್ಲ."

ಐತಲ್ಲ. ನಾನೂ ಬಿಟ್ಟೆ.

ಈಗ ಊರ ಹೆಂಗಸರ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಾನವಮಿಗೆ ಮೊದಲು ಮನೆಯಲ್ಲಿರುವ ಪ್ರತಿಯೊಂದು ಹಾಸಿಗೆ ಹೊದಿಕೆ ಒಗೆಯಲೇಬೇಕು. ಘಟ ಕೂಡ್ರಿಸುವ ಹೊತ್ತಿಗೆ ಒಂದು ಚಿಂದಿಯೂ ಮೈಲಿಗೆ ಉಳಿಯಬಾರದು. ಅದರಲ್ಲೂ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ಕೌದಿ ಒಣಗಿದ್ದಾಗ ಒಬ್ಬರು ಎತ್ತುವಂಥದ್ದು. ನೀರು ಕುಡಿದರೆ ನಾಲ್ಕು ಜನ ಬೇಕು. ಅದನ್ನು ಮನೆಯ ಬಚ್ಚಲಲ್ಲಿ ಒಗೆಯಲು ಆಗುವುದಿಲ್ಲ. ಆ ವರ್ಷ ಊರಿಗೆ ದೇವರು ಕೊಟ್ಟ ಹಾಗೆ ಒಂದು ಜಾಗ ಸಿಕ್ಕಿತ್ತು: ನಮ್ಮ ಕಾಲುವೆ. ತಳದಲ್ಲಿ ಮೊಣಕಾಲಿಗಿಂತ ಕಡಿಮೆ ಜಿನುಗು ನೀರು. ಎರಡೂ ಕಡೆ ಇಳಿಜಾರಿನ ಹೊಸ ನುಣುಪು ಸಿಮೆಂಟು. ಕೆಳಗೆ ಒಗೆದು, ಮೇಲೆ ಹರವಿದರೆ ಆಯಿತು.

"ನನ್ನ ಸಿಮೆಂಟಿನ ಮ್ಯಾಲ ಸಬಕಾರ ಹಚ್ಚಾಕ ಹತ್ಯಾರ," ಎಂದು ಸೂಪರ್‌ವೈಸರ್ ಸಾಬೂನಿನ ನೊರೆ ನೋಡಿ ಸಂಕಟಪಡುತ್ತಿದ್ದರು. ಆದರೆ ಬಯ್ಯುವ ಧೈರ್ಯ ಅವರಿಗೆ ಇರಲಿಲ್ಲ.

ಗುರುವಾರ ಮುಂಜಾನೆ ಅತ್ತೆ ಐದು ಕೌದಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ನಿಂತು ಕೇಳಿದಳು.

"ಏ ಹುಡುಗಿ, ಡಂಗುರದಾಂವ ನಾಕಕ್ಕ ನೀರು ಅಂದ. ಖರೇನು?"

"ಖರೇನ ಅತ್ತಿ. ನಾನ ಕಾಗದ ಕೊಟ್ಟೇನಿ."

"ಹಂಗಾರ ಎರಡಕ್ಕ ಎದ್ದ ಬರತೇವಿ ಬಿಡು. ರೊಟ್ಟಿ ಬುಟ್ಟ್ಯಾಗ ಐತಿ, ಮರೀಬ್ಯಾಡ."

ಆಫೀಸಿಗೆ ಬಂದೆ. ಸೂಪರ್‌ವೈಸರ್ ಅವತ್ತು ಲೆಕ್ಕದ ವಹಿಗಳಲ್ಲಿ ಮುಳುಗಿ ಅಂಗಳದ ಚಿತ್ರಗಳನ್ನು ತೆಗೆದು ನೋಡಿರಲಿಲ್ಲ. ಹತ್ತೂ ಮುಕ್ಕಾಲಿನ ಸುಮಾರಿಗೆ ವಾರದ ವರದಿ ಕಳಿಸಲು ಇಮೇಲ್ ಪ್ರೋಗ್ರಾಮನ್ನೇ ತೆರೆದೆ. ತೆರೆದ ಕೂಡಲೇ ಒಂದು ಸಣ್ಣ ಗಂಟೆಯ ಸದ್ದಾಗಿ ಪರದೆಯ ಮೇಲೆ ಒಂದು ಚೌಕ ಎದ್ದಿತು. ನೆನಪಿಸುವ ಚೌಕ. ಟ್ರಯಲ್ ನೀರು. ಇನ್ನು ಹದಿನೈದು ನಿಮಿಷ.

ನಾನು ಮೊದಲು ನಕ್ಕೆ. ನಿಜ ಹೇಳುತ್ತೇನೆ, ನಕ್ಕೆ. "ನೋಡ್ರಿ ಸರ, ಇದಕ್ಕ ತಲಿ ಕೆಟ್ಟೈತಿ. ನಾಕಕ್ಕ ಇದ್ದದ್ದನ್ನ ಹನ್ನೊಂದಕ್ಕ ಅನ್ನಾಕ ಹತ್ತೈತಿ."

ಅವರು ಬಂದು ನೋಡಿದರು. ನಾನು ಪರದೆಯ ಮೇಲಿನ ಚಿತ್ರ ತೆಗೆದೆ: ನಾಲ್ಕು. ಪ್ರೋಗ್ರಾಮಿನ ಒಳಗಿನ ಕ್ಯಾಲೆಂಡರ್ ತೆಗೆದೆ: ಹನ್ನೊಂದು. ಒಂದೇ ಸಾಲು, ಎರಡು ಸಮಯ. ಆಗ ಬುಧವಾರದ ಪತ್ರ ನೆನಪಾಯಿತು. ತೆಗೆದೆ. ನಾಲ್ಕಕ್ಕೆ ಬೇರೆ ಸೈಟಿಗೆ ಹೋಗಬೇಕಾಗಿದೆ, ಆದ್ದರಿಂದ ಮುಂಜಾನೆ ಹನ್ನೊಂದಕ್ಕೇ ನೀರು ಬಿಡುತ್ತೇವೆ ಎಂದು ಇಂಜಿನಿಯರ್ ಬರೆದಿದ್ದರು. ಆ ಪತ್ರ ಬಂದ ಕೂಡಲೇ ಪ್ರೋಗ್ರಾಂ ತನ್ನ ಕ್ಯಾಲೆಂಡರನ್ನು ತಾನೇ ತಿದ್ದಿಕೊಂಡಿತ್ತು. ನನ್ನ ನಕಲು ಮಾತ್ರ ಅಂಗಳದಲ್ಲಿ ನಾಲ್ಕು ಗಂಟೆ ಹಿಡಿದುಕೊಂಡು ಕುಳಿತಿತ್ತು.

"ಸರ," ಎಂದೆ. "ಕಾಲುವ್ಯಾಗ ಹೆಣ್ಮಕ್ಕಳು ಅದಾರ."

ಅವರ ಮುಖದ ಬಣ್ಣ ಸಿಮೆಂಟಿನ ಹಾಗಾಯಿತು. ಇಂಜಿನಿಯರರ ಮೊಬೈಲಿಗೆ ಹಚ್ಚಿದರೆ ರೇಂಜ್ ಇಲ್ಲ. ನೀರು ಬಿಡುವ ತೂಬು ಇದ್ದದ್ದು ಒಂದೂವರೆ ಕಿಲೋಮೀಟರ್ ಮೇಲೆ. "ನಾ ತೂಬಿಗೆ ಹೋಗತೇನಿ. ನೀ ಅವರನ್ನ ಮ್ಯಾಲ ಹತ್ತಿಸು!" ಎಂದು ತಮ್ಮ ಬೈಕು ಒದ್ದರು. ಅದು ಹತ್ತಲಿಲ್ಲ. ಮತ್ತೆ ಒದ್ದರು. ಮೂರನೆಯ ಸಲ ಹತ್ತಿತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ನಾನೂ ಬರಿಗಾಲಲ್ಲೇ ಓಡಿದೆ. ಆಫೀಸಿನಿಂದ ಕಾಲುವೆಗೆ ಎಷ್ಟು ದೂರವೋ ನನಗೆ ಇವತ್ತಿಗೂ ಅಂದಾಜಿಲ್ಲ. ಕನಸಿನಲ್ಲಿ ಅದು ಒಂದೊಂದು ಸಲ ಒಂದೊಂದು ಅಳತೆಯಾಗುತ್ತದೆ. "ನಾನ ಕಾಗದ ಕೊಟ್ಟೇನಿ," ಎಂದು ಮುಂಜಾನೆ ಹೇಳಿದ ಮಾತು ಹೆಜ್ಜೆಗೊಮ್ಮೆ ಕಿವಿಯಲ್ಲಿ ಬಡಿಯುತ್ತಿತ್ತು.

ದಂಡೆಯ ಮೇಲೆ ನಿಂತು ನೋಡಿದರೆ ಕೆಳಗೆ ಸಂತೆ! ಇಪ್ಪತ್ತು ಜನ ಹೆಂಗಸರು, ಕಚ್ಚೆ ಮೇಲೆ ಕಟ್ಟಿ, ಕೌದಿ ತುಳಿಯುತ್ತ, ಬಡಿಯುತ್ತ, ಒಬ್ಬರ ಮೇಲೊಬ್ಬರು ನೀರು ಎರಚುತ್ತ. ಇಳಿಜಾರಿನ ತುಂಬ ಕೆಂಪು, ಹಸಿರು, ಹಳದಿ ಕೌದಿಗಳು. ಅಷ್ಟು ಚೆಂದದ ನೋಟವನ್ನು ಅಷ್ಟು ಹೆದರಿಕೆಯಿಂದ ನಾನು ಮತ್ತೆಂದೂ ನೋಡಿಲ್ಲ.

"ಅತ್ತೀ! ಮ್ಯಾಲ ಬರ್ರಿ ಎಲ್ಲಾರೂ! ನೀರ ಬರಾಕ ಹತ್ತೈತಿ!"

ಅತ್ತೆ ತಲೆ ಎತ್ತಿದಳು. "ನಾಕಕ್ಕ ಅಂದಿದ್ದೆಲ್ಲ?"

"ಅದು ತಪ್ಪಾಗೈತಿ! ಹನ್ನೊಂದಕ್ಕ! ಕಂಪ್ಯೂಟರಿನಾಗ ಈಗ ನೋಡಿದೆ!"

ಒಬ್ಬಾಕೆ ನಕ್ಕಳು. "ಸೂಪರವೈಜರ ಕಳಿಸ್ಯಾನಬೇ ಈಕಿನ್ನ. ಸಿಮೆಂಟಿಗೆ ಸಬಕಾರ ಹತ್ತೈತಿ ಅಂತ ಅಂವಗ ಹೊಟ್ಟಿ ಉರಿ."

"ಡಂಗುರದಾಗ ನಾಕಕ್ಕ ಅಂದಾರ," ಎಂದಳು ಇನ್ನೊಬ್ಬಾಕೆ. "ಡಂಗುರಕ್ಕಿಂತ ನಿನ್ನ ಡಬ್ಬಿ ದೊಡ್ಡದೇನ ತಂಗಿ? ಬಾ, ಇಳದ ಬಾ, ಈ ಕೌದಿ ಹಿಂಡಾಕ ಒಂದ ಕೈ ಕೊಡು."

ನನಗೆ ಅಳು ಬಂತು. ಹೆಂಗಸರು ಅದಕ್ಕೂ ನಕ್ಕರು. ಆಗ ನನಗೆ ಹೊಳೆಯಿತು. ಇವರು ನನ್ನ ಮಾತಿಗೆ ಏಳುವುದಿಲ್ಲ. ದಂಡೆಯಾಚೆಯ ಮೊದಲ ಮನೆಯೇ ಡಂಗುರದ ಮುದುಕನದು. ಓಡಿಹೋಗಿ ಅಂಗಳದಲ್ಲೇ ಕೂಗಿದೆ. ಅವನು ಚಹಾದ ಬಟ್ಟಲು ಹಿಡಿದು ಹೊರಗೆ ಬಂದ.

"ನಿನ್ನೀ ಕಾಗದ ತಪ್ಪು ಅಜ್ಜಾ. ನೀರ ಈಗ ಬರಾಕ ಹತ್ತೈತಿ. ಹಲಗಿ ತಗೊಂಡ ಬಾ."

ಅವನು ಕಿಸೆ ಮುಟ್ಟಿ ನೋಡಿಕೊಂಡ. "ಹೊಸಾ ಕಾಗದ?"

"ಅಜ್ಜಾ, ನಿನ್ನ ಕಾಲಿಗೆ ಬೀಳತೇನಿ."

ನನ್ನ ಮುಖ ನೋಡಿದ. ಚಹಾ ಚೆಲ್ಲಿದ. ಹಲಗೆ ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ಓಡಿದ, ಆ ಸಣಕಲು ಕಾಲಿನಲ್ಲಿ. ದಂಡೆಯ ಮೇಲೆ ನಿಂತು ಹಲಗೆಗೆ ಬಡಿದನಲ್ಲ, ಆ ಸದ್ದಿಗೆ ಕಾಲುವೆಯೇ ನಡುಗಿತು. "ಕೇಳ್ರಬೇ ಕೇಳ್ರಿ! ನಿನ್ನೀ ಮಾತು ಸುಳ್ಳು! ಈಗಿನದ ಖರೆ! ನೀರು ಬಂತು! ಏಳ್ರಿ!"

ಇಪ್ಪತ್ತು ಜನ ಹೆಂಗಸರು ಒಟ್ಟಿಗೇ ಎದ್ದರು. ನನ್ನ ಅಳು, ಬಿ.ಕಾಂ., ಕಂಪ್ಯೂಟರು ಮಾಡದ್ದನ್ನು ಒಂದು ಚರ್ಮದ ತುಂಡು ಮಾಡಿತು. ಮೆಟ್ಟಿಲು ಇದ್ದದ್ದು ಒಂದೇ ಕಡೆ. ಗಂಟು ಎಳೆಯುತ್ತ, ಜಾರುತ್ತ, ಒಬ್ಬರನ್ನೊಬ್ಬರು ನೂಕುತ್ತ ಹತ್ತಿದರು. ಅಷ್ಟರಲ್ಲಿ ದೂರದಿಂದ ದಂಡೆಯ ಮೇಲೆ ಬೈಕು ಬರುವುದು ಕಾಣಿಸಿತು. ಸೂಪರ್‌ವೈಸರ್ ಒಂದು ಕೈ ಗಾಳಿಯಲ್ಲಿ ಬೀಸುತ್ತ, ಏನೋ ಒದರುತ್ತ, ಎದ್ದೂ ಬಿದ್ದೂ ಬರುತ್ತಿದ್ದರು. ಅವಸರದಲ್ಲಿದ್ದ ಇಂಜಿನಿಯರ್ ಹನ್ನೊಂದಕ್ಕೂ ಮೊದಲೇ, ಇವರು ಮುಟ್ಟುವಷ್ಟರಲ್ಲಿ, ತೂಬು ತೆರೆಸಿಬಿಟ್ಟಿದ್ದರಂತೆ. ಮತ್ತೆ ಮುಚ್ಚಲು ಹೇಳಿ, ಹಿಂದಿರುಗಿ ಓಡಿಸಿಕೊಂಡು ಬಂದಿದ್ದರು. ಅವರ ಪಕ್ಕದಲ್ಲೇ ಕಾಲುವೆಯೊಳಗೆ, ಒಂದು ಹೊಲದಷ್ಟೇ ಹಿಂದೆ, ಕಸ ಕಡ್ಡಿ ನೊರೆ ತಳ್ಳಿಕೊಂಡು ಕಂದು ಬಣ್ಣದ ನೀರು ಬರುತ್ತಿತ್ತು.

ನಾನು ತಲೆ ಎಣಿಸಿದೆ. ಅತ್ತೆ ಇರಲಿಲ್ಲ.

ಅವಳು ಮೆಟ್ಟಿಲ ತನಕ ಬಂದು ಹಿಂದೆ ತಿರುಗಿದ್ದಳು. ಐದನೆಯ ಕೌದಿ ತಳದಲ್ಲೇ ಉಳಿದಿತ್ತು. ಅವಳ ತಾಯಿಯ, ಎಂದರೆ ನನ್ನ ಅಜ್ಜಿಯ, ಸೀರೆಗಳಿಂದ ಹೊಲಿದದ್ದು. ಒಂದು ತುದಿ ಹಿಡಿದು ಜಗ್ಗುತ್ತಿದ್ದಳು. ನೀರು ಕುಡಿದ ಕೌದಿ ಅಲುಗಲಿಲ್ಲ. ಮೊದಲ ನೀರು ಅವಳ ಮೊಣಕಾಲಿಗೆ ಬಂತು, ನೋಡನೋಡುತ್ತಿದ್ದಂತೆ ತೊಡೆಗೆ. ಅದರ ಸೆಳೆತಕ್ಕೆ ಕೌದಿ ತಳ ಬಿಟ್ಟು ತೇಲಿತು, ಅತ್ತೆಯನ್ನೂ ಎಳೆದುಕೊಂಡು ಹೊರಟಿತು.

"ಬಿಡಽ ಅದನ್ನ! ಕೌದಿ ಬಿಡು!" ಎಲ್ಲರೂ ಕೂಗಿದರು. ನಾನೂ ಕೂಗಿದೆ.

ಬಿಡಲಿಲ್ಲ. ನೀರು ಸೊಂಟಕ್ಕೆ ಬಂದಿತ್ತು. ಕೌದಿಯ ಇನ್ನೊಂದು ತುದಿ ಸುತ್ತಿಕೊಂಡು ಬಂದು ಇಳಿಜಾರಿಗೆ ಬಡಿಯಿತು. ಡಂಗುರದ ಮುದುಕ ಹಲಗೆ ಎಸೆದು, ಜಾರಿ ಕೆಳಗಿಳಿದು ಆ ತುದಿ ಹಿಡಿದ. ಅವನ ಅಂಗಿಯನ್ನು ಒಬ್ಬಾಕೆ ಹಿಡಿದಳು, ಅವಳ ಸೆರಗನ್ನು ನಾನು, ನನ್ನ ಜಡೆಯನ್ನು ಯಾರೋ. ಸೂಪರ್‌ವೈಸರ್ ಬೈಕನ್ನು ಹಾಗೇ ನೆಲಕ್ಕೆ ಕೆಡವಿ ಬಂದು ನಮ್ಮೆಲ್ಲರ ಹಿಂದೆ ಗೂಟದ ಹಾಗೆ ನಿಂತರು. ಕೌದಿಯನ್ನು ಜಗ್ಗಿದೆವು. ಅತ್ತೆ ಅದರ ಹಿಂದೆ ಬಂದಳು. ಬಿಟ್ಟಿದ್ದರೆ ನಾವು ಏನನ್ನು ಹಿಡಿದು ಜಗ್ಗುತ್ತಿದ್ದೆವು? ಈ ಪ್ರಶ್ನೆ ಅಡುಗೆ ಮಾಡುವಾಗ, ಬಸ್ಸಿನ ಕಿಟಕಿಯಲ್ಲಿ ಕುಳಿತಾಗ, ಸುಮ್ಮನೆ ಬಂದು ನಿಲ್ಲುತ್ತದೆ.

ದಂಡೆಯ ಮೇಲೆ ಬಿದ್ದುಕೊಂಡು ಅತ್ತೆ ಉಸಿರು ಎಳೆದುಕೊಂಡಳು. ಮೊದಲ ಮಾತು: "ಹೊಲಿಗಿ ಏನರೆ ಬಿಚ್ಚೇತೇನ ನೋಡ್ರೆ."

ಆ ದಿನ ಹನ್ನೊಂದು ಕೌದಿ, ಎರಡು ಬುಟ್ಟಿ ತೇಲಿಹೋದವು. ಮರುದಿನ ಕೆಳಗಿನ ಊರಿನವರು ಅವನ್ನೆಲ್ಲ ಕಾಲುವೆಯಿಂದ ಎತ್ತಿ, ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸಿಕೊಟ್ಟರು. ಯಾವುದು ಯಾರದು ಎಂದು ಹೆಂಗಸರು ಹೊಲಿಗೆ ನೋಡಿಯೇ ಹೇಳಿದರು. ಡಂಗುರದ ಮುದುಕ ಮಾತ್ರ ಆಫೀಸಿಗೆ ಬಂದು, ಕಿಸೆಯಿಂದ ನೆಂದು ಮುದ್ದೆಯಾದ ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಇಷ್ಟ ವರ್ಷದಾಗ ನನ್ನ ಹಲಗಿ ಒಂದ ಸಲ ಸುಳ್ಳ ಹೇಳಿತವ್ವಾ. ನಿನ್ನ ಕಡಿಂದ."

"ಅದರ ಸುಳ್ಳು ಅದಽ ಅಳಿಸ್ತೆಲ್ಲೋ ಮಾರಾಯಾ," ಎಂದು ಸೂಪರ್‌ವೈಸರ್ ಚಹಾ ತರಿಸಿದರು. ಆಮೇಲೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಪ್ರೋಗ್ರಾಮಿನ ಒಳಗಿನ ಖೋಲಿಗಳನ್ನು ಒಂದೊಂದಾಗಿ ತೋರಿಸಲು ಹೇಳಿದರು. ಎರಡು ದಿನ ಹಿಡಿಯಿತು. ತಪ್ಪು ನನ್ನದು ಎಂದು ಬೆಳಗಾವಿಗೆ ಬರೆಯಲು ಹೊರಟಾಗ, "ಪತ್ರ ಓದಬ್ಯಾಡ ಅಂದಾಂವ ನಾನು. ಮೊದಲ ನನ್ನ ಹೆಸರು ಬರಿ," ಎಂದರು.

ಆದರೆ ಅತ್ತೆಗೆ ಇನ್ನೂ ಹೇಳಿರಲಿಲ್ಲ. ಊರೆಲ್ಲ ಬೆಳಗಾವಿಯವರನ್ನು ಬೈಯುತ್ತಿತ್ತು, ಅವಳೂ ಬೈಯುತ್ತಿದ್ದಳು. ಮೂರನೆಯ ದಿನ ಅವಳು ಜೋಳ ಹಸನು ಮಾಡುತ್ತಿದ್ದಾಗ ಮುಂದೆ ಕುಳಿತು ಎಲ್ಲ ಹೇಳಿಬಿಟ್ಟೆ. ಚಿತ್ರ, ನಕಲು, ತೆರೆಯದೆ ಬಿಟ್ಟ ಪತ್ರ. ಅವಳು ಮೊರ ಕೆಳಗಿಟ್ಟಳು.

"ಅಂದರ, ಖರೇ ಟೈಮು ಒಳಗ ಇತ್ತು. ನೀ ಹೊರಗಿನದ ನೋಡಿದಿ."

"ಹೂಂ."

"ಬೇಕಂತ ಮಾಡಿದ್ದೇನು?"

"ಇಲ್ಲತ್ತಿ!"

ಅತ್ತೆ ಮತ್ತೆ ಮೊರ ಎತ್ತಿಕೊಂಡಳು. ಎರಡು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಆ ಕೌದಿ ಕೆಸರ ಆಗೈತಿ. ಮತ್ತ ಒಗೀಬೇಕು. ಏಳು, ನೀನೂ ಬಾ."

ಕಾಲುವೆಯಲ್ಲಿ ಈಗ ಸಮ ನೀರು ಹರಿಯುತ್ತಿತ್ತು. ಅತ್ತೆ ಮೇಲಿನ ಮೆಟ್ಟಿಲ ಮೇಲೆ ಕುಳಿತು ಕೌದಿಗೆ ಸಬಕಾರ ಹಚ್ಚತೊಡಗಿದಳು. ನಾನು ಅವಳ ಹಿಂದೆ ನಿಂತು ಸೆರಗನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡೆ.

"ಬಿಡ, ಸೀರಿ ಹರೀತೈತಿ," ಎಂದಳು.

"ಹರೀಲಿ."

"ಹಿಂಗ ಹಿಡದರ ನಾ ಬಗ್ಗೂದು ಹೆಂಗ? ಎಬಡೀ, ಒಂದ ಕೈ ಬಿಡು, ಆ ತುದಿ ಹಿಂಡು!"

ಒಂದು ಕೈಯಲ್ಲಿ ಹಿಂಡಿದೆ. ಅತ್ತೆ ನಗುತ್ತ, ಬಯ್ಯುತ್ತ, ಅರ್ಧ ನೀರು ನನ್ನ ಮೇಲೇ ಚೆಲ್ಲಿದಳು.